ಮೂರು ನೀರು, ಒಂದು ಚಿಟಿಕೆ ಪುಡಿ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ, ಒಂದು ಗಾಜಿನ ಲೋಟ ಮಗುಚಿ ಕೂತಿದೆ. ಅಂಚು ಒಂದು ಕಡೆ ಮುಕ್ಕಾಗಿದೆ. ಅದರಲ್ಲಿ ಯಾರಿಗೂ ಕುಡಿಯಲು ನೀರು ಕೊಡುವಂತಿಲ್ಲ; ಹೊಸದಾಗಿ ಬಂದ ಕೆಲಸದವಳಿಗೆ ಮೊದಲ ದಿನ ನಾನು ಹೇಳುವ ನಾಲ್ಕು ನಿಯಮಗಳಲ್ಲಿ ಇದೂ ಒಂದು. ಮನೆಗೆ ಬಂದವರು ಅದನ್ನು ನೋಡಿ, ದೇವರ ತೀರ್ಥಕ್ಕೆ ಇಟ್ಟದ್ದೋ ಎಂದು ಕೇಳಿದ್ದುಂಟು. ಅಲ್ಲ. ಅದು ನನ್ನ ಕೆಲಸದ ಲೋಟ. ನಿವೃತ್ತಳಾದ ದಿನ ಹೂಮಾಲೆ, ಶಾಲು, ಗೋಡೆ ಗಡಿಯಾರದ ಜೊತೆಗೆ ನಾನೇ ಕೇಳಿ ತಂದುಕೊಂಡ ಒಂದೇ ವಸ್ತು. ಗಡಿಯಾರ ಎಂದೋ ನಿಂತಿತು. ಲೋಟ ಇದೆ.

ನಾನು ಡೊಂಬಿವಲಿಗೆ ಬಂದದ್ದು ಮದುವೆಯಾಗಿ, ಉಡುಪಿಯಿಂದ, ಒಂದು ಬಿ.ಎಸ್ಸಿ. ಪದವಿಯನ್ನು ಸೀರೆಗಳ ಮಡಿಕೆಯೊಳಗೆ ಇಟ್ಟುಕೊಂಡು. ನಮ್ಮವರು ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ನಾನು ಮನೆಯಿಂದ ನಡೆದೇ ಹೋಗಬಹುದಾದ ದೂರದ ಒಂದು ಸುಣ್ಣದ ಪುಡಿಯ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗ ಸೇರಿದೆ. ಸುಣ್ಣದ ಪುಡಿ ಎಂದರೆ ಎಲೆಯಡಿಕೆಯ ಜೊತೆಗಿನ ಸುಣ್ಣವಲ್ಲ, ಸೀಮೆಸುಣ್ಣದ ಜಾತಿಯದ್ದು. ಹಿಟ್ಟಿಗಿಂತ ನುಣ್ಣಗೆ ಅರೆದ ಬಿಳಿ ಪುಡಿ. ಬಣ್ಣಕ್ಕೆ, ಕಾಗದಕ್ಕೆ, ಪ್ಲಾಸ್ಟಿಕ್ ಪೈಪಿಗೆ, ಚಪ್ಪಲಿಯ ಅಟ್ಟೆಗೆ ಎಲ್ಲದಕ್ಕೂ ಅದು ಬೇಕು. ನನಗೆ ಮೊದಲ ವಾರ ಅರ್ಥವಾಗದೆ ಹೋದದ್ದು ಒಂದೇ: ಒಂದೇ ಗಿರಣಿಯಿಂದ ಬರುವ ಒಂದೇ ಪುಡಿ ಎರಡು ಬೇರೆ ಬೇರೆ ಹೆಸರಿನ ಚೀಲಗಳಿಗೆ ಯಾಕೆ ಹೋಗುತ್ತದೆ? ನಮ್ಮ ಮುಖ್ಯಸ್ಥರು ಅದನ್ನು ತೋರಿಸಿಯೇ ಕೊಟ್ಟರು. ಈ ಲೋಟದಲ್ಲಿ ಮುಕ್ಕಾಲು ನೀರು ತುಂಬಿಸಿ, ಒಂದು ಚೀಲದ ಪುಡಿಯನ್ನು ಚಿಟಿಕೆಯಷ್ಟು ಹಾಕಿದರು. ಹಾಲಿನಂತೆ ಕದಡಿ ತಳಕ್ಕಿಳಿಯಿತು. ನೀರು ಚೆಲ್ಲಿ, ಮತ್ತೆ ತುಂಬಿಸಿ, ಇನ್ನೊಂದು ಚೀಲದ ಪುಡಿ ಹಾಕಿದರು. ಅದು ಮುಳುಗಲೇ ಇಲ್ಲ. ಚಮಚದಿಂದ ತಿರುವಿದರೂ ಮೇಲೆಯೇ ನಿಂತಿತು, ಹೆಪ್ಪುಗಟ್ಟಿದ ಮೊಸರಿನ ಕೆನೆಯ ಹಾಗೆ.

“ಒಳಗೆ ಎರಡೂ ಒಂದೇ,” ಎಂದರು ಅವರು. “ಎರಡನೆಯದಕ್ಕೆ ಮೇಣದಂಥ ಒಂದು ಅಂಗಿ ತೊಡಿಸಿದ್ದೇವೆ. ನೀರಿಗೆ ಗೊತ್ತಾಗುವುದು ಅಂಗಿ ಮಾತ್ರ.”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಬೆಳಗ್ಗೆ ಎಂಟೂವರೆಗೆ, ನಾನು ಮಾಡಿದ ಮೊದಲ ಕೆಲಸ ಆ ಲೋಟದ್ದೇ. ತೇಲಿದರೆ ಸಹಿ, ಮುಳುಗಿದರೆ ವಾಪಸು. ಬೇಸರವಾಗಲಿಲ್ಲವೇ ಎಂದು ನೀವು ಕೇಳಬಹುದು. ದಿನವೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುವವರಿಗೆ ಬೇಸರ ಬರುತ್ತದೆಂದು ತಿಳಿದಿರುವವರು ಹಾಗೆ ಮಾಡಿ ನೋಡಿದವರಲ್ಲ. ಕೈ ತನ್ನ ದಾರಿ ಹಿಡಿದ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ, ಬಿಡುವು ಸಿಕ್ಕ ಕಣ್ಣಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಹಾಗೆಂದು ನಾನು ನಂಬಿದ್ದೆ. ಈ ಕತೆ ಮುಗಿಯುವಷ್ಟರಲ್ಲಿ ಆ ನಂಬಿಕೆಗೆ ಒಂದು ಸಣ್ಣ ತಿದ್ದುಪಡಿ ಬೀಳಲಿದೆ.

ನನ್ನ ತಮ್ಮನ ಮನೆ ಶಹಾಡ್‌ನಲ್ಲಿ. ಅವನ ಮಗಳು ಶ್ರಾವ್ಯಾ ಚಿಕ್ಕವಳಿದ್ದಾಗ ಭಾನುವಾರಗಳನ್ನು ನಮ್ಮಲ್ಲೇ ಕಳೆಯುತ್ತಿದ್ದಳು. ಒಮ್ಮೆ ಅಂಗಿ ತೊಟ್ಟ ಪುಡಿಯನ್ನು ಒಂದು ಹಳೆಯ ಕಾಫಿ ಬಾಟಲಿಯಲ್ಲಿ ಮನೆಗೆ ತಂದು ಅವಳಿಗೆ ತೋರಿಸಿದೆ. ಮನೆಯದೇ ಒಂದು ಗಾಜಿನ ಲೋಟದಲ್ಲಿ ನೀರಿನ ಮೇಲೆ ಪುಡಿಯ ದಪ್ಪ ಪದರ ಹರಡಿ, ಅದರ ನಡುವೆ ಬೆರಳನ್ನು ಲೋಟದ ತಳದವರೆಗೆ ಇಳಿಸಿ, ಮೇಲಕ್ಕೆತ್ತಿದೆ. ಬೆರಳು ಒಣಗಿಯೇ ಇತ್ತು. ನೀರಿಗೂ ಬೆರಳಿಗೂ ನಡುವೆ ಪುಡಿಯೇ ಒಂದು ಕೈಗವಸಾಗಿ ನಿಂತಿತ್ತು. ಅವಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಮೇಲೆ ನಾನು ಬೆರಳನ್ನು ಅವಳ ಮೂಗಿನ ಹತ್ತಿರ ಹಿಡಿದು “ಫೂ” ಎಂದು ಊದಿದೆ. ಬಿಳಿ ಮೋಡವೊಂದು ಎದ್ದು, ಕಿಟಕಿಯ ಬಿಸಿಲಿನಲ್ಲಿ ಮಿನುಗಿ, ಇಲ್ಲವಾಯಿತು. ಆಮೇಲೆ ಪ್ರತಿ ಭಾನುವಾರ ಬಾಗಿಲಲ್ಲೇ ಅವಳ ಬೇಡಿಕೆ: “ಅತ್ತೆ, ಫೂ ಮಾಡಿ!”

ಆ ಮೋಡ ಎಲ್ಲಿಗೆ ಹೋಯಿತೆಂದು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡವಳು ಅವಳು.

ಈಗ ಅವಳಿಗೆ ಮೂವತ್ತರ ಹತ್ತಿರ. ವಾರವಿಡೀ ನಮ್ಮಲ್ಲೇ ಇದ್ದು, ಡೊಂಬಿವಲಿಯಿಂದ ಠಾಣೆಗೆ, ಅಲ್ಲಿಂದ ರೈಲು ಬದಲಿಸಿ ತುರ್ಭೆಗೆ ಹೋಗುತ್ತಾಳೆ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಅವಳ ಸಂಶೋಧನೆ. ಉಸಿರಿನ ಜೊತೆ ಒಳಗೆ ಹೋಗುವ ನ್ಯಾನೋ ಕಣಗಳು, ಅಂದರೆ ನನ್ನ ಕಾರ್ಖಾನೆಯ ಪುಡಿಯನ್ನು ಬಂಡೆ ಎನ್ನಿಸುವಷ್ಟು ಸಣ್ಣವು, ಶ್ವಾಸಕೋಶದ ಜೀವಕೋಶಗಳನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ಅದರಲ್ಲೂ ಒಂದು ಸೂಕ್ಷ್ಮ: ಒಂದೇ ಕಣ, ಒಂದೇ ಗಾತ್ರ, ಅಂಗಿ ಮಾತ್ರ ಬೇರೆ. ಅವಳು ಮೊದಲ ಬಾರಿ ಇದನ್ನು ವಿವರಿಸಿದಾಗ ನಾನು ಎದ್ದು ಹೋಗಿ ಲೋಟವನ್ನು ತಂದು ಮೇಜಿನ ಮೇಲಿಟ್ಟೆ. ಇಬ್ಬರೂ ನಕ್ಕೆವು.

ಸ್ನೇಹಿತರೇ, ನಾವು ಉಸಿರಾಡುತ್ತೇವೆ ಎಂಬುದನ್ನು ನಾವು ಎಷ್ಟು ಹಗುರವಾಗಿ ಹೇಳುತ್ತೇವೆ! ಅವಳಿಂದ ಕೇಳಿದ ಮೇಲೆ ನನಗೆ ನನ್ನ ಎದೆಯ ಬಗ್ಗೆಯೇ ಗೌರವ ಹೆಚ್ಚಿದೆ. ಮೂಗಿನಲ್ಲಿ ಕೂದಲಿನ ಜರಡಿ. ಅದನ್ನು ದಾಟಿದ ಧೂಳಿಗೆ ಶ್ವಾಸನಾಳದಲ್ಲಿ ಅಂಟಾದ ಲೋಳೆ, ಆ ಲೋಳೆಯನ್ನು ಹಗಲೂ ರಾತ್ರಿ ಮೇಲಕ್ಕೆ ಗುಡಿಸುವ ಕಣ್ಣಿಗೆ ಕಾಣದ ರೋಮಗಳು. ಯಾವ ಹೌಸಿಂಗ್ ಸೊಸೈಟಿಯಲ್ಲೂ ಇಂಥ ಗುಡಿಸುವವರನ್ನು ನಾನು ಕಂಡಿಲ್ಲ, ಒಂದು ದಿನದ ರಜೆ ಇಲ್ಲ, ದೀಪಾವಳಿಯ ಇನಾಮು ಇಲ್ಲ. ಅದನ್ನೂ ದಾಟಿ ತೀರಾ ಸಣ್ಣ ಕಣಗಳು ಕೊನೆಯ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿ ಗೋಡೆ ಎಷ್ಟು ತೆಳು ಎಂದರೆ ಈರುಳ್ಳಿಯ ಒಳಪೊರೆ ಅದರ ಮುಂದೆ ಕಂಬಳಿ. ಗಾಳಿ ಈಚೆ, ರಕ್ತ ಆಚೆ. ಅಲ್ಲಿ ಗುಡಿಸಲು ಪೊರಕೆ ನಡೆಯದು, ಹಾಗಾಗಿ ಒಂದು ಜಾತಿಯ ಕೋಶಗಳು ನಿಧಾನವಾಗಿ ತೆವಳುತ್ತಾ, ಸಿಕ್ಕಿದ್ದನ್ನು ಮುಟ್ಟಿ ನೋಡಿ, ಪರಕೀಯ ಅನ್ನಿಸಿದರೆ ನುಂಗಿ ಸಾಗಿಸುತ್ತವೆ.

ಮುಟ್ಟಿ ನೋಡಿ! ಇದೇ ನನ್ನನ್ನು ಹಿಡಿದು ನಿಲ್ಲಿಸಿದ ಮಾತು. ಕೋಶಕ್ಕೆ ಕಣ್ಣಿಲ್ಲ. ಬಂದ ಕಣದ ಹೊಟ್ಟೆಯಲ್ಲಿ ಏನಿದೆಯೆಂದು ಅದಕ್ಕೆ ಮೊದಲಿಗೆ ತಿಳಿಯುವ ಉಪಾಯವಿಲ್ಲ. ತಾಗಿದ ಮೈ ನುಣುಪೋ ಒರಟೋ, ಎಣ್ಣೆಯ ಗುಣದ್ದೋ ನೀರಿನ ಗುಣದ್ದೋ, ಧನ ವಿದ್ಯುತ್ತು ಹೊತ್ತು ಬಂದು ಅಂಟಿಕೊಳ್ಳುತ್ತದೋ ಇಲ್ಲವೋ, ಇಷ್ಟರ ಮೇಲೆಯೇ ಅದರ ನಡೆ ನಿಂತಿದೆ. ಬೆಳಗಿನ ಫಾಸ್ಟ್ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ನಿಂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮುಖ ಕಾಣುವುದಿಲ್ಲ. ಬೆನ್ನಿಗೆ ತಾಗುವ ಒದ್ದೆ ಕೊಡೆ, ತೋಳಿಗೆ ಉಜ್ಜುವ ಗಂಜಿ ಹಾಕಿದ ಕಾಟನ್ನು, ಕೆನ್ನೆಗೆ ಚುಚ್ಚುವ ಯಾರದೋ ಕ್ಲಿಪ್ಪು, ಇವುಗಳಿಂದಲೇ ನಾವು ಯಾರಿಗೆ ಜಾಗ ಬಿಡಬೇಕು, ಯಾರನ್ನು ಮೊಣಕೈಯಿಂದ ತಳ್ಳಬೇಕು ಎಂದು ತೀರ್ಮಾನಿಸುತ್ತೇವೆ. ಆಕೆ ಒಳಗೆ ಎಂಥ ಸಾಧ್ವಿಯೋ ಠಾಣೆ ಬರುವವರೆಗೆ ಯಾರಿಗೆ ಗೊತ್ತು?

ಇನ್ನೂ ಒಂದು ಬೆರಗು ಇದೆ. ಆ ಗಾಳಿಗೂಡಿನ ಒಳಮೈಗೆ ಸಾಬೂನಿನ ನೀರಿನಂಥ ಒಂದು ತೆಳು ಲೇಪವಿದೆ. ಹೊರಗಿನಿಂದ ಬಿದ್ದ ಕಣವನ್ನು ಅದು ಬಂದ ಹಾಗೆ ಬಿಡುವುದಿಲ್ಲ. ತನ್ನಲ್ಲಿರುವ ಜಿಡ್ಡನ್ನೂ ಪ್ರೋಟೀನುಗಳನ್ನೂ ಸುತ್ತಿ ಅದರ ಅಂಗಿಯ ಮೇಲೆ ಇನ್ನೊಂದು ಹೊದಿಕೆ ಹೊದೆಸುತ್ತದೆ. ಯಾವ ಹೊದಿಕೆ ಸಿಕ್ಕೀತು ಎಂಬುದೂ ಒಳಗಿನ ಅಂಗಿಯನ್ನೇ ಹೊಂದಿಕೊಂಡಿದೆಯಂತೆ. ಬಾಗಿಲಿಗೆ ಬಂದ ಅಪರಿಚಿತನಿಗೂ ಮೊದಲು ಒಂದು ಶಾಲು ಹೊದೆಸಿ ಆಮೇಲೆ ವಿಚಾರಿಸುವ ಮನೆ ನಮ್ಮೊಳಗೇ ಇದೆ ಎಂದು ತಿಳಿದ ದಿನ ನಾನು ಸಂಜೆಯ ನಡಿಗೆಯನ್ನು ಹತ್ತು ನಿಮಿಷ ತಡವಾಗಿ ಶುರುಮಾಡಿದೆ. ನನ್ನನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು.

ಇಷ್ಟು ಮೆಚ್ಚುಗೆಯ ನಡುವೆ ಕಳೆದ ಚಳಿಗಾಲದಲ್ಲಿ ಮನೆಗೆ ಒಂದು ಮಂಕು ಕವಿಯಿತು. ಶ್ರಾವ್ಯಾ ಗಾಜಿನ ಜಾತಿಯ ಒಂದು ಪುಡಿಯೊಂದಿಗೆ ಕೆಲಸ ಮಾಡುತ್ತಿದ್ದಳು. ಬರಿಮೈಯಲ್ಲಿದ್ದರೆ ಅದು ಕೋಶದ ಪೊರೆಯನ್ನು ಕೆಡಿಸುತ್ತದೆ, ಅಂಗಿ ತೊಡಿಸಿದರೆ ಕೋಶಗಳು ಅದನ್ನು ಸಹಿಸುತ್ತವೆ. ಅವಳ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಮೇಡಂ ನಿರೀಕ್ಷಿಸಿದ್ದು ಅದು. ಜೊತೆಯ ಹುಡುಗಿ ಮಾಡಿದಾಗ ಹಾಗೆಯೇ ಆಯಿತು. ಶ್ರಾವ್ಯಾ ಮಾಡಿದಾಗ ಅಂಗಿ ತೊಟ್ಟ ಪುಡಿಯಲ್ಲೂ ಕೋಶಗಳು ಸತ್ತವು. ಅದೇ ಪುಡಿ, ಅದೇ ಕೋಶ, ಅದೇ ಕೋಣೆ. ಮತ್ತೆ ಮಾಡಿದಳು, ಮತ್ತೆ ಸತ್ತವು. ಕೈ ಶುದ್ಧವಿಲ್ಲ ಎಂದು ಯಾರೋ ಅಂದರಂತೆ. ಈ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವಳಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಗುರುವಾರದ ಸಭೆಯ ಹೊತ್ತಿಗೆ ಕಾರಣ ಹುಡುಕದಿದ್ದರೆ ಆ ಕೆಲಸ ಜೊತೆಯವಳ ಕೈಗೆ ಹೋಗುವುದೆಂದು ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಎರಡು ವರ್ಷದ ದುಡಿಮೆ.

ಅದು ಶನಿವಾರ, ಸಂಜೆ ನಾಲ್ಕು. ಶನಿವಾರ ನಾಲ್ಕಕ್ಕೆ ನಾನು ನೆನೆಸಿದ ಉದ್ದನ್ನು ತೊಳೆಯುವ ಹೊತ್ತು. ಶ್ರಾವ್ಯಾ ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ತನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಿದ್ದಳು. ನಮ್ಮವರು ಬಾಗಿಲಲ್ಲಿ ಚಹಾಕ್ಕೆ ಕಾಯುತ್ತಿದ್ದರು. ಹೋಟೆಲಿನ ಅಭ್ಯಾಸ, ನನ್ನ ಒಲೆಯ ಮೇಲ್ವಿಚಾರಣೆ ನಡೆಸದೆ ಅವರಿಗೆ ಚಹಾ ಇಳಿಯುವುದಿಲ್ಲ.

“ಮೊದಲನೇ ನೀರು ಆಯ್ತಲ್ಲ, ಇನ್ನೆಂತ ತೊಳೆಯುವುದು ಮಾರಾಯ್ತಿ?” ಎಂದರು.

“ಮೂರು ನೀರು,” ಎಂದೆ. ನಮ್ಮಲ್ಲಿ ಅಕ್ಕಿ, ಬೇಳೆ, ಸೊಪ್ಪು, ಪಾತ್ರೆ, ಎಲ್ಲಕ್ಕೂ ಮೂರು ನೀರು. ಅಮ್ಮನ ಕಾಲದಿಂದ.

“ನೀನು ತೊಳೆಯುವ ರೀತಿಗೆ ಉದ್ದು ಒಂದು ದಿನ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೀತು. ಹಿಟ್ಟು ಉಬ್ಬಿಸುವುದೆಲ್ಲ ಕಾಳಿನ ಮೈ ಮೇಲೆಯೇ ಕೂತಿರುವುದು. ಅದನ್ನೇ ಬಚ್ಚಲಿಗೆ ಚೆಲ್ಲುತ್ತಿ, ಆಮೇಲೆ ಹಿಟ್ಟು ಏಳಲಿಲ್ಲ, ಡೊಂಬಿವಲಿಯ ಚಳಿ ಸರಿಯಿಲ್ಲ ಅಂತ ಹವೆಯನ್ನು ಬೈಯುತ್ತಿ. ನಮ್ಮ ಹೋಟೆಲಿನ ಅಡುಗೆ ಭಟ್ರು ನೆನೆಸಿದ ನೀರನ್ನು ಚೆಲ್ಲಿದವನಿಗೆ ಸಟ್ಟುಗ ತೋರಿಸ್ತಿದ್ರು.”

ನಲ್ವತ್ತು ವರ್ಷದಿಂದ ಕೇಳಿದ ಮಾತು. ಎಂದಿನಂತೆ ಕಿವಿಗೆ ಹಾಕಿಕೊಳ್ಳದೆ ಎರಡನೆಯ ನೀರನ್ನು ಬಗ್ಗಿಸತೊಡಗಿದೆ; ಕೈ ಅಲ್ಲೇ ನಿಂತಿತು. ಬಿಳಿಯ ನೀರು ಪಾತ್ರೆಯ ಅಂಚಿನಲ್ಲಿತ್ತು. ಮೈ ಮೇಲೆಯೇ ಕೂತಿರುವುದು.

“ಶ್ರಾವ್ಯಾ, ಅಂಗಿ ತೊಡಿಸಿದ ಮೇಲೆ ಆ ಪುಡಿಯನ್ನು ನೀನು ತೊಳೆಯುತ್ತೀಯಾ?”

“ಹಾಂ. ಎಕ್ಸ್‌ಟ್ರಾ ಎಲ್ಲ ಹೋಗ್ಬೇಕಲ್ಲ ಅತ್ತೆ. ಮಷೀನಲ್ಲಿ ತಿರುಗಿಸಿ ಪುಡಿ ಕೆಳಗೆ ಕೂರಿಸೋದು, ನೀರು ತೆಗೆಯೋದು, ಫಿರ್ ಸೇ ಹೊಸ ನೀರು.”

“ಎಷ್ಟು ನೀರು?”

“ಮೂರು,” ಎಂದಳು, ವಾರಕ್ಕೆ ಎಷ್ಟು ದಿನ ಎಂದು ಯಾರೋ ಕೇಳಿದ ಹಾಗೆ ನನ್ನನ್ನು ನೋಡುತ್ತಾ.

“ಆ ಹುಡುಗಿ?”

“ಅವಳು...” ಎಂದು ತೆರೆದ ಬಾಯಿ ಹಾಗೆಯೇ ಉಳಿಯಿತು. ಲೋಟದ ಮುಂದೆ ಕೂತಿದ್ದ ಆ ಚಿಕ್ಕ ಬಾಯಿಯೇ. ಹಾಳೆಗಳನ್ನು ಸರಸರ ತಿರುವಿದಳು. “ಅರೇ ದೇವಾ. ಇಲ್ಲಿ ಬರೀ ‘ತೊಳೆದೆ’ ಅಂತ ಬರೆದಿದ್ದೀನಿ. ಎಷ್ಟು ಅಂತ ಬರೆದೇ ಇಲ್ಲ. ಮೂರು ಅಂತ ಬರೀಬೇಕು ಅಂತ ಅನ್ನಿಸ್ಲೇ ಇಲ್ಲ ಅತ್ತೆ, ತೊಳೆಯೋದು ಅಂದ್ರೆ ಮೂರೇ ಅಲ್ವಾ?”

ಅಂಗಿಗಳಲ್ಲಿ ಎರಡು ಬಗೆ ಎಂದು ಅವಳು ಆಮೇಲೆ ವಿವರಿಸಿದಳು. ನಮ್ಮ ಕಾರ್ಖಾನೆಯದ್ದು ಮೈಗೇ ಹೊಲಿದ ಅಂಗಿ, ನೀರಿಗೆ ಜಗ್ಗದು. ಅವಳದ್ದು ಹೆಗಲ ಮೇಲೆ ಹಾಕಿಕೊಂಡ ಶಾಲಿನಂಥದ್ದು. ಮೊದಲ ನೀರಿಗೆ ಅಂಟದೆ ಉಳಿದ ಹೆಚ್ಚಿನದು ಹೋಗುತ್ತದೆ, ಮತ್ತೆ ಮತ್ತೆ ತೊಳೆದರೆ ಶಾಲೇ ಜಾರಬಹುದು. ಹಾಗಾದರೆ ಜೊತೆಯ ಹುಡುಗಿ ಒಂದೇ ನೀರಿಗೆ ನಿಲ್ಲಿಸಿರಬೇಕು; ಶ್ರಾವ್ಯಾಳ ಕೋಶಗಳನ್ನು ಮುಟ್ಟಿದ್ದು ಬರಿಮೈಯ ಪುಡಿ.

ನಮ್ಮವರು ಇಬ್ಬರ ಮುಖವನ್ನೂ ನೋಡಿ, ಅರ್ಥವಾದಷ್ಟನ್ನು ಜೋಡಿಸಿಕೊಂಡು, “ಅಂದರೆ ನಿನ್ನ ಮೂರು ನೀರಿಗೆ ಹೆದರಿ ಪುಡಿ ಕೂಡ ಬಟ್ಟೆ ಕಳಚಿ ಓಡಿತು ಅನ್ನು,” ಎಂದರು. ಶ್ರಾವ್ಯಾ ಎರಡು ವಾರಗಳಲ್ಲಿ ಮೊದಲ ಬಾರಿ ನಕ್ಕಳು. ನನಗೆ ನಗು ಬರಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಕೈಯಲ್ಲಿದ್ದ ತಪ್ಪು ನನ್ನದು. ಪ್ರತಿ ತೂಕ, ಪ್ರತಿ ಹೊತ್ತು ಬರೆದಿಡು ಎಂದು ಕಲಿಸಿದವಳು ನಾನು. ಬರೆಯುವ ಅಗತ್ಯವೇ ತೋರದಷ್ಟು ಆಳಕ್ಕೆ ಮೂರು ನೀರನ್ನು ಇಳಿಸಿದವಳೂ ನಾನೇ. ಕೈ ತನ್ನ ದಾರಿ ಹಿಡಿದರೆ ಕಣ್ಣಿಗೆ ಬಿಡುವು ಸಿಗುತ್ತದೆ ಎಂದೆನಲ್ಲ, ಸಿಗುತ್ತದೆ; ಆದರೆ ಆ ಬಿಡುವಿನಲ್ಲಿ ಕಣ್ಣು ಎಲ್ಲವನ್ನೂ ನೋಡುತ್ತದೆ, ಕೈಯೊಂದನ್ನು ಬಿಟ್ಟು.

ಭಾನುವಾರ ಬೆಳಗ್ಗೆಯೇ ಅವಳು ತುರ್ಭೆಗೆ ಹೊರಟಳು. ರಜಾದಿನದ ಲೋಕಲ್‌ನಲ್ಲಿ ಮೊದಲ ಬಾರಿ ಕೂರಲು ಜಾಗ ಸಿಕ್ಕಿತಂತೆ, ಅವಳಿಗೆ ಕೂರಲಾಗಲಿಲ್ಲವಂತೆ. ಅದೇ ಪುಡಿಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಒಂದು ನೀರು, ಒಂದಕ್ಕೆ ಎರಡು, ಒಂದಕ್ಕೆ ಮೂರು. ತನ್ನ ಮೇಲೆ ತನಗೇ ನಂಬಿಕೆ ಸಾಲದೆಂದು ಜೊತೆಯ ಹುಡುಗಿಯನ್ನೂ ಕರೆದು ಅವಳ ಕೈಯಿಂದಲೂ ಹಾಗೆಯೇ ಮಾಡಿಸಿದಳು. ಕೈ ಶುದ್ಧವಿಲ್ಲ ಎಂದವರ ಮುಂದೆ ಹಾಗೆ ಕೇಳಿಕೊಳ್ಳುವುದು ಸುಲಭವಲ್ಲ. ಅದಕ್ಕೆ ನಾನು ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕೋಶಗಳು ಉತ್ತರ ಕೊಡಲು ತಮ್ಮ ಹೊತ್ತು ತೆಗೆದುಕೊಳ್ಳುತ್ತವೆ. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ನಾನು ಎಂದಿನ ಹೊತ್ತಿಗೆ ಎಂದಿನ ಕೆಲಸ ಮಾಡಿದೆ, ಒಂದನ್ನೂ ಸರಿಯಾಗಿ ಮಾಡಲಿಲ್ಲ. ಬುಧವಾರ ಸಾರಿಗೆ ಉಪ್ಪು ಎರಡು ಬಾರಿ ಬಿತ್ತು, ನಮ್ಮವರು ಮಜ್ಜಿಗೆ ಬೆರೆಸಿಕೊಂಡು ಉಂಡರು.

ಬುಧವಾರ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಒಂದು ನೀರಿನ ಪುಡಿಯಲ್ಲಿ ಕೋಶಗಳು ಚೆನ್ನಾಗಿವೆ. ಎರಡರಲ್ಲಿ ಸ್ವಲ್ಪ ಬಾಡಿವೆ. ಮೂರರಲ್ಲಿ ಅವಳ ಹಳೆಯ ಫಲವೇ. ಇಬ್ಬರ ಕೈಯಲ್ಲೂ ಅದೇ.

ಗುರುವಾರ ಮೇಡಂ ಹಾಳೆಗಳನ್ನು ಎರಡು ಬಾರಿ ನೋಡಿ, “ಹೇ ಆಧೀ ಕಾ ನಾಹೀ ಲಿಹಿಲಂಸ್?” ಎಂದು ಗದರಿದರಂತೆ, ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂದು. ಗದರಿದ ಬಾಯಲ್ಲೇ, ಅಂಗಿ ಇದ್ದಾಗ ಏನಾಗುತ್ತದೆ ಎಂದು ತೋರಿಸಿದವರಿದ್ದಾರೆ, ಒಂದೊಂದು ನೀರಿಗೆ ಅದು ಕಳಚುತ್ತಾ ಹೋದಂತೆ ಏನಾಗುತ್ತದೆ ಎಂಬುದನ್ನು ನೀನೇ ಮುಂದುವರಿಸು ಎಂದರು. ಕೆಲಸ ಅವಳಲ್ಲೇ ಉಳಿಯಿತು. ಮತ್ತು ಆ ಕೋಣೆಯ ಗೋಡೆಯ ಮೇಲೆ ಈಗ ಒಂದು ಚೀಟಿ ಅಂಟಿದೆಯಂತೆ: ತೊಳೆದರೆ ಎಷ್ಟು ನೀರು ಎಂದು ಬರೆಯಿರಿ.

ನಾನು ಯೋಚಿಸುವುದು ಆ ಕೋಶಗಳ ಬಗ್ಗೆ. ನಾವು ಯಾರೂ ಗಮನಿಸದ್ದನ್ನು, ನೋಟ್‌ಬುಕ್ಕು ಹೇಳದ್ದನ್ನು, ಅವು ಗಮನಿಸಿದ್ದವು. ಪ್ರತಿ ಸಲವೂ ಒಂದೇ ಸಾಕ್ಷಿ ಹೇಳುತ್ತಾ ಬಂದಿದ್ದವು, ನೀವು ಕೊಟ್ಟದ್ದು ನೀವು ಅಂದುಕೊಂಡದ್ದಲ್ಲ ಎಂದು. ನಾವು ಕೈಯನ್ನು ಸಂಶಯಿಸಿದೆವು, ಹುಡುಗಿಯನ್ನು ಸಂಶಯಿಸಿದೆವು. ಗಾಜಿನ ತಟ್ಟೆಯಲ್ಲಿ ಕೂತ, ಹೆಸರಿಲ್ಲದ ಆ ಪುಟ್ಟ ಜೀವಗಳು ನನ್ನ ಮೂವತ್ತು ವರ್ಷದ ಲೋಟಕ್ಕಿಂತ ನಿಖರವಾದ ಪರೀಕ್ಷಕರು. ಲೋಟಕ್ಕೆ ಗೊತ್ತಿದ್ದದ್ದು ತೇಲುವುದು, ಮುಳುಗುವುದು, ಎರಡೇ. ಅಂಗಿ ಅರ್ಧ ಜಾರಿದ್ದನ್ನು ಕೂಡ ಅವು ಹೇಳಬಲ್ಲವು.

ಹಾಗೆ ಯೋಚಿಸುವಾಗ ಒಮ್ಮೊಮ್ಮೆ ನಮ್ಮ ಕಾರ್ಖಾನೆಯ ಚೀಲ ತುಂಬುವ ಕೋಣೆ ಕಣ್ಣಿಗೆ ಬರುತ್ತದೆ. ಅಲ್ಲಿನವರ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮೂಗಿಗೆ ಒಂದು ಕರವಸ್ತ್ರ, ಅದೂ ಮಾತಾಡುವಾಗ ಗಲ್ಲದ ಕೆಳಗೆ. ಪುಡಿ ತೇಲಿತೋ ಎಂದು ನಾನು ನೋಡಿದೆ, ಅವರೊಳಗೆ ಅದು ಏನು ಮಾಡಿತೋ ಎಂದು ಒಂದು ದಿನವೂ ಕೇಳಲಿಲ್ಲ. ನಮ್ಮದು ದಪ್ಪ ಪುಡಿ, ಗಾಜಿನ ಜಾತಿಯಷ್ಟು ಕೆಟ್ಟದ್ದಲ್ಲ, ಎಂದು ಶ್ರಾವ್ಯಾ ಸಮಾಧಾನ ಹೇಳುತ್ತಾಳೆ. ಇರಬಹುದು. ಕೇಳದೆ ಇದ್ದದ್ದು ಕೇಳದೆ ಇದ್ದದ್ದೇ. ಆ ಪ್ರಶ್ನೆ ನಮ್ಮ ಮನೆಯಲ್ಲೇ ಬೆಳೆದು, ನನ್ನ ಪುಡಿಯ ಮುಂದೆಯೇ ಬಾಯಿ ತೆರೆದವಳ ಕೈ ಸೇರಿದೆ ಎಂಬುದು ನನ್ನ ಪಾಲಿನ ಸಂತೋಷ.

ಉದ್ದಿಗೆ ಈಗ ಒಂದೇ ನೀರು. ಹಿಟ್ಟು ಉಬ್ಬುತ್ತಿದೆ, ನಮ್ಮವರು ಪ್ರತಿ ಭಾನುವಾರ ಪಾತ್ರೆಯ ಮುಚ್ಚಳ ತೆಗೆದು ಅದನ್ನು ನನಗೆ ತೋರಿಸುತ್ತಾರೆ, ನಾನು ಬೇರೆ ಕಡೆ ನೋಡುತ್ತೇನೆ. ಅಕ್ಕಿಗೆ ಮೂರೇ. ಒಂದೇ ಸಲಕ್ಕೆ ಅಷ್ಟೆಲ್ಲ ಬಿಟ್ಟುಕೊಡಲಾರೆ.

ಹೋದ ಭಾನುವಾರ ನಾನು ಹಲಗೆಯಿಂದ ಲೋಟ ಇಳಿಸಿದೆ. ಕಾಫಿ ಬಾಟಲಿಯ ತಳದಲ್ಲಿ ಇನ್ನೂ ಎರಡು ಚಮಚ ಪುಡಿಯಿತ್ತು. ನೀರಿನ ಮೇಲೆ ಮೆಲ್ಲಗೆ ಹರಡಿದೆ. ಇಷ್ಟು ವರ್ಷದ ಮೇಲೂ ಅದರ ಅಂಗಿ ಗಟ್ಟಿಯಾಗಿಯೇ ಇದೆ, ತೇಲಿತು. ಶ್ರಾವ್ಯಾ ಬಂದು ಮೇಜಿಗೆ ಗಲ್ಲ ಊರಿ ಕೂತಳು. ಬೆರಳನ್ನು ತಳದವರೆಗೆ ಇಳಿಸಿ ಎತ್ತಿದೆ. ಒಣಗಿತ್ತು, ಬೆಳ್ಳಗಿತ್ತು. ಅಭ್ಯಾಸದಿಂದ ಬೆರಳು ಅವಳ ಮೂಗಿನ ಹತ್ತಿರ ಹೋಯಿತು, ಅಭ್ಯಾಸದಿಂದ ನನ್ನ ತುಟಿ ಮುಂದಾಯಿತು. ಊದುವ ಮೊದಲು ನಾನೇ ತಡೆದುಕೊಂಡೆ. ಇನ್ನೊಂದು ಕೈಯಿಂದ ಒದ್ದೆ ಬಟ್ಟೆಯನ್ನು ತೆಗೆದುಕೊಂಡು, ಬೆರಳನ್ನು ಬುಡದಿಂದ ತುದಿಯವರೆಗೆ ಒರೆಸಿ, ಬಟ್ಟೆಯನ್ನು ಮಡಿಸಿ, ಒಂದು ಕಣವೂ ಏಳದ ಹಾಗೆ ತೊಟ್ಟಿಯಲ್ಲಿಟ್ಟೆ.

ಕಿಟಕಿಯ ಬಿಸಿಲು ಖಾಲಿಯಾಗಿತ್ತು. ಅವಳು ಅದರಲ್ಲಿ ಎದೆ ತುಂಬ ಉಸಿರು ಎಳೆದುಕೊಂಡಳು.